ಹಿಂದಿನ ಸಾಲಿನ ಸಾರ್ವಜನಿಕರು

ಮಾದರಸನಕೆರೆಯಲ್ಲಿ ಕಸ ಗುಡಿಸುವ ಹೆಂಗಸರು ವರ್ಷಕ್ಕೊಂದು ಸಲ ಸಾರ್ವಜನಿಕರಾಗುತ್ತಾರೆ. ಅದೂ ಇಪ್ಪತ್ತು ನಿಮಿಷದ ಮಟ್ಟಿಗೆ. ಆಮೇಲೆ ಎದ್ದು ಹೋಗಿ ಎಲ್ಲರಿಗೂ ಟೀ ಕೊಡುತ್ತಾರೆ.

ಕುಚೋದ್ಯಕ್ಕೆ ಹೇಳುತ್ತಿಲ್ಲ. ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿರುವ ಈ ಊರು ಪಟ್ಟಣ ಪಂಚಾಯ್ತಿಯಾದ ಮೇಲೆ ಪ್ರತಿ ಫೆಬ್ರವರಿಯಲ್ಲಿ ಬಜೆಟ್ ಪೂರ್ವಭಾವಿ ಸಭೆ ಮಾಡಲೇಬೇಕು. ಸಾರ್ವಜನಿಕರು ಬರಬೇಕು, ಸಲಹೆ ಕೊಡಬೇಕು, ಪುಸ್ತಕದಲ್ಲಿ ಅವರ ರುಜು ಬೀಳಬೇಕು, ಫೋಟೊ ಮೇಲಿನವರಿಗೆ ಹೋಗಬೇಕು. ಬರುವವರು ಮಾತ್ರ ಇಪ್ಪತ್ತು ಜನ ದಾಟುವುದಿಲ್ಲ. ಅಂಗಡಿಯವರು, ಗುತ್ತಿಗೆದಾರರು, ಪೆನ್ಷನ್ ಮೇಷ್ಟರು. ಅವರೆಲ್ಲ ಮುಂದೆ ಕೂತರೆ ಹಿಂದಿನ ಕುರ್ಚಿಗಳು ಖಾಲಿ ಬಿದ್ದಿರುತ್ತವೆ. ಫೋಟೊದಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲ. ಅದಕ್ಕೇ ದಫೇದಾರ ಹನುಮಯ್ಯ ಹಿಂದಿನ ದಿನವೇ ತನ್ನ ಕೈಕೆಳಗಿನ ಏಳು ಹೆಂಗಸರಿಗೆ ಹೇಳಿಬಿಡುತ್ತಾನೆ.

“ನಾಳೆ ಒಂದೊಂದು ಒಳ್ಳೆ ಸೀರೆ ಚೀಲಕ್ಕೆ ಹಾಕ್ಕೊಂಡ್ ಬನ್ರಮ್ಮಿ. ಆ ಹಸಿರು ಕೋಟು ಯಾರ್ ಮೈಮ್ಯಾಲೂ ಇರಕೂಡ್ದು.”

ಈ ವರ್ಷವೂ ಹೇಳಿದ. ಸುಮಿತ್ರಮ್ಮ ತಂಗಿಯ ಮದುವೆಗೆ ತೆಗೆದಿದ್ದ ನೇರಳೆ ಸೀರೆ ಮಡಚಿ ತಂದಳು. ಬೆಳಗಿನ ಐದೂವರೆಗೆ ಪೊರಕೆ ಹಿಡಿದವಳು ಹತ್ತೂವರೆಗೆ ಕಛೇರಿಯ ಹಿಂದಕ್ಕೆ ಬಂದು ಆ ಸೀರೆ ಉಟ್ಟಳು. ಉಟ್ಟಿದ್ದು ಕಸದ ಆಟೊದ ಮರೆಯಲ್ಲಿ. ಸೌಂದರ್ಯ ಹಳೆಯ ಸೀರೆಯೊಂದನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ನಿಂತಿದ್ದಳು. ಗಾಳಿ ಬೀಸಿದಾಗಲೆಲ್ಲ ಪರದೆ ಹಾರುತ್ತಿತ್ತು. ಕಾಂಪೌಂಡಿನ ಆಚೆ ಗ್ಯಾರೇಜಿನ ಹುಡುಗರು ಬೇಕೆಂದೇ ಇತ್ತ ನೋಡುತ್ತಿದ್ದರು.

“ಬೇಗ ಸುತ್ತಕಳಕ್ಕ. ನೋಡ್ತಾವ್ರೆ.”

“ನೋಡ್ಕಳ್ಳಿ ಬಿಡು. ನಲವತ್ತಾರು ವರ್ಸದ್ ಮುದುಕೀನ,” ಎಂದಳು ಸುಮಿತ್ರಮ್ಮ. ಬಾಯಲ್ಲಿ ಹಾಗೆಂದಳೇ ಹೊರತು ಆಟೊಗೆ ಇನ್ನಷ್ಟು ಒತ್ತಿಕೊಂಡು ನೆರಿಗೆ ಸಿಕ್ಕಿಸಿದಳು. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾದರೂ ಅವಳಿಗೆ ಈ ಅಳುಕು ಬಿಟ್ಟಿರಲಿಲ್ಲ.

ಈ ಏಳೂ ಹೆಂಗಸರಿಗೆ ಒಂದು ಪದ್ಧತಿಯುಂಟು. ಯಾರೂ ಕಲಿಸಿದ್ದಲ್ಲ. ಬೆಳಿಗ್ಗೆ ಮನೆ ಬಿಟ್ಟ ಮೇಲೆ ಮಧ್ಯಾಹ್ನ ಮನೆಗೆ ಹೋಗುವ ತನಕ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ಬಿಸಿಲಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡರೂ ಇಲ್ಲ. ಕುಡಿದರೆ ಹೊಯ್ಯಬೇಕಲ್ಲ, ಎಲ್ಲಿ ಹೊಯ್ಯುವುದು? ಮುಂಚೆ ಕೆರೆಯ ಹಿಂದೆ ಲಂಟಾನದ ಪೊದೆಯಿತ್ತು. ಅದನ್ನು ಕಡಿದು ಲೇಔಟ್ ಮಾಡಿದರು. ಬಸ್‌ಸ್ಟ್ಯಾಂಡಿನಲ್ಲಿ ಶೌಚಾಲಯ ಇದೆ. ಅದನ್ನು ಬೆಳಗಾಗೆದ್ದು ತಿಕ್ಕುವವರು ಇವರೇ. ತಿಕ್ಕಿದ ಮೇಲೆ ಒಳಗೆ ಹೋಗುವಂತಿಲ್ಲ. ಗುತ್ತಿಗೆ ಹಿಡಿದವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. “ನೀವೂ ಇಲ್ಲಿಗೇ ಬಂದ್ರೆ ಹಳೇಬೀಡಿಗೆ ಹೋಗೋ ಟೂರಿಸ್ಟ್ ಜನ ಬರ್ತಾರಾ?” ಎಂದು ಒಮ್ಮೆ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಅಂದಿದ್ದ. ಆ ದಿನದಿಂದ ಯಾರೂ ಅತ್ತ ಸುಳಿದಿಲ್ಲ.

ಪೇಟೆಬೀದಿಯಲ್ಲಿ ಪದ್ಮಪ್ರಸಾದರ ದಿನಸಿ ಅಂಗಡಿ. ಬಸ್ತಿಹಳ್ಳಿಯಿಂದ ದಿನಾ ಸ್ಕೂಟರಿನಲ್ಲಿ ಬರುವ ಜೈನರು. ಅಂಗಡಿ ಮುಂದೆ ಹಿತ್ತಾಳೆಯ ಕೊಳಗದಲ್ಲಿ ಬಿಳಿ ಬಟ್ಟೆಯಲ್ಲಿ ಸೋಸಿದ ನೀರು ಇಡುತ್ತಾರೆ. ನಲ್ಲಿ ಕೂಡಿಸಿದ್ದಾರೆ. ಯಾರು ಬೇಕಾದರೂ ತಿರುಗಿಸಿ ಕುಡಿಯಬಹುದು, ಎತ್ತರದಿಂದ ಹೊಯ್ಯುವ ವ್ಯವಹಾರವಿಲ್ಲ. “ಬಿಸ್ಲು ಜಾಸ್ತಿ ಇದೆ, ಕುಡೀರಮ್ಮಾ,” ಎಂದು ಅವರು ಕರೆಯುತ್ತಾರೆ. “ಬ್ಯಾಡಿ ಸೌಕಾರ್ರೆ,” ಎಂದು ಇವರು ಮುಂದೆ ಹೋಗುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದಿದೆ. ಇವರಿಗೆ ತಮ್ಮ ಮೇಲೆ ಏನೋ ಮುನಿಸಿರಬೇಕೆಂದು ಪದ್ಮಪ್ರಸಾದರು ತಿಳಿದಿದ್ದರು.

ಹೋದ ತಿಂಗಳು ಸೌಂದರ್ಯ ಸಂತೆಮಾಳದಲ್ಲಿ ಪೊರಕೆ ಸಮೇತ ಬಿದ್ದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಕಿಬ್ಬೊಟ್ಟೆ ಹಿಡಿದುಕೊಂಡು ಕೊಳೆತ ಟೊಮೆಟೊ ಮೇಲೆ ಹೊರಳಾಡಿದಳು. ಸುಮಿತ್ರಮ್ಮನೇ ಬಸ್ಸು ಹತ್ತಿಸಿ ಅರಸೀಕೆರೆಗೆ ಕರೆದುಕೊಂಡು ಹೋದಳು. ಮೂತ್ರದಲ್ಲಿ ಕೀವು ಬಂದಿದೆ, ಕಿಡ್ನಿಗೂ ಹತ್ತಿದೆ ಎಂದರು ಡಾಕ್ಟರು. ನೀರು ಕುಡಿಯಬೇಕು, ಕಟ್ಟಿಕೊಳ್ಳಬಾರದು. ಸೌಂದರ್ಯ ತಲೆಯಾಡಿಸಿದಳು. ನಾಲ್ಕನೆಯ ದಿನ ಕೆಲಸಕ್ಕೆ ಬಂದವಳು ಮತ್ತೆ ನೀರು ಮುಟ್ಟಲಿಲ್ಲ.

ಹಾಗಂತ ಇವರು ಕೇಳಿರಲಿಲ್ಲವೆಂದಲ್ಲ. ಒಂದು ರೂಮು ಕೊಡಿ, ಒಂದು ನಲ್ಲಿ, ಒಂದು ಕಕ್ಕಸು, ಒಳಗಡೆಯಿಂದ ಹಾಕಿಕೊಳ್ಳಲು ಒಂದು ಚಿಲಕ. ಅರ್ಜಿ ಬರೆಸಿ ರುಜು ಹಾಕಿ ಕೊಟ್ಟಿದ್ದರು. ಹೋದ ವರ್ಷದ ಬಜೆಟ್ಟಿನಲ್ಲಿ ಮಂಜೂರಾಗಿದೆಯೆಂದು ಹನುಮಯ್ಯನೇ ಹೇಳಿದ್ದ. ಗೋಡೌನಿನ ಪಕ್ಕ ಸುಣ್ಣದ ಗೆರೆ ಎಳೆದು ಜಾಗವನ್ನೂ ತೋರಿಸಿದ್ದ. ಮಳೆ ಬಂದು ಗೆರೆ ತೊಳೆದುಹೋಯಿತು. ಕೇಳಿದಾಗಲೆಲ್ಲ, “ಬತ್ತೈತೆ ಇರಮ್ಮಿ, ಸರ್ಕಾರದ ಕೆಲ್ಸ ಅಂದ್ರೆ ಸುಮ್ನೆನಾ,” ಎನ್ನುತ್ತಿದ್ದ. ಈ ಹನುಮಯ್ಯ ಹೊರಗಿನವನಲ್ಲ. ಸುಮಿತ್ರಮ್ಮನ ಸತ್ತ ಗಂಡನ ಚಿಕ್ಕಪ್ಪನ ಮಗ. ಕಾಲೋನಿಯಲ್ಲಿ ಅತ್ತಿಗೆ ಎನ್ನುತ್ತಾನೆ, ಕಛೇರಿಯಲ್ಲಿ ಏಯ್ ಸುಮಿತ್ರ ಎನ್ನುತ್ತಾನೆ.

ಸಭಾಂಗಣದ ಬಾಗಿಲಲ್ಲಿ ಗುಮಾಸ್ತ ಪುಸ್ತಕ ಇಟ್ಟುಕೊಂಡು ಕೂತಿದ್ದ. ಸುಮಿತ್ರಮ್ಮ ನಾಲ್ಕನೇ ಕ್ಲಾಸು ಓದಿದವಳು. ಅಕ್ಷರ ಕೂಡಿಸಿ ಓದುತ್ತಾಳೆ. ಪುಟದ ನೆತ್ತಿಯ ಮೇಲೆ ‘ಹಾಜರಿದ್ದ ಸಾರ್ವಜನಿಕರು’ ಎಂದಿತ್ತು. ಕೆಳಗೆ ರುಜು ಹಾಕಿದಳು. ಉಳಿದ ಆರು ಜನವೂ ಹಾಕಿದರು. ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಫೋಟೊದವನು ಬಂದು, “ಸ್ವಲ್ಪ ನಗ್ರಮ್ಮಾ,” ಎಂದ. ಯಾರೋ ಒಬ್ಬಳು ನಕ್ಕಳು.

ಎಂದಿನಂತಾಗಿದ್ದರೆ ಫೋಟೊ ತೆಗೆದ ಕೂಡಲೇ ಇವರನ್ನು ಎಬ್ಬಿಸಿ ಟೀ ಕಾಯಿಸಲು ಕಳಿಸಬೇಕು. ಈ ಸಲ ಹಾಲಿನವನು ತಡ ಮಾಡಿದ. ಹಾಲು ಬರುವ ತನಕ ಅಲ್ಲೇ ಕೂತಿರಿ ಎಂದ ಹನುಮಯ್ಯ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಸುಮಿತ್ರಮ್ಮನ ಕಿವಿಗೆ ಬಜೆಟ್ ಸಭೆಯ ಮಾತು ಬಿತ್ತು.

ಮೊದಲು ಎದ್ದವರು ನಂಜುಂಡಯ್ಯ ಮೇಷ್ಟರು. ಕಂಕುಳಲ್ಲಿ ಪೇಪರು. ಊರಿನ ಬಜೆಟ್ಟಿಗೆ ಬರುವ ಮೊದಲು ಅವರು ರಾಜ್ಯದ್ದನ್ನು ಹಿಡಿದು ಝಾಡಿಸಿದರು.

“ದುಡಿಯೋರ್ ಮೇಲೆ ತೆರಿಗೆ ಹಾಕೋದು, ಕೂತೋರಿಗೆ ಹಂಚೋದು. ಇದೂ ಒಂದು ಅರ್ಥನೀತಿ ಏನ್ರೀ? ಹೆಂಗಸ್ರಿಗೆ ಬಸ್ಸು ಬಿಟ್ಟಿ, ಮೇಲೆ ತಿಂಗಳಿಗೆ ಎರಡು ಸಾವಿರ. ನನ್ನ ತೋಟದಲ್ಲಿ ಕಾಯಿ ಸುಲಿಯೋಕೆ ಒಂದು ಆಳು ಸಿಕ್ತಿಲ್ಲ. ಎಲ್ಲಾ ಸೋಮಾರಿಗಳಾಗಿ ಕೂತವ್ರೆ!”

ಮುಂದಿನ ಸಾಲು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಸುಮಿತ್ರಮ್ಮ ತನ್ನ ಅಂಗೈ ನೋಡಿಕೊಂಡಳು. ಪೊರಕೆ ಹಿಡಿ ಉಜ್ಜಿ ಉಜ್ಜಿ ಎದ್ದ ಬೊಕ್ಕೆ ಒಡೆದು, ಅದರ ಮೇಲೆ ಇನ್ನೊಂದು ಎದ್ದಿತ್ತು. ಸೋಮಾರಿ ಎನ್ನುವ ಮಾತನ್ನು ಅವಳ ಮುಖಕ್ಕೇ ಎಸೆದಿದ್ದರು, ಎಸೆದವರಿಗೆ ಅವಳು ಅಲ್ಲಿರುವುದೇ ಗೊತ್ತಿರಲಿಲ್ಲ.

ಒಬ್ಬರು ಕೊಬ್ಬರಿ ಬೆಲೆಯ ಮಾತೆತ್ತಿದರು, ಇನ್ನೊಬ್ಬರು ಮಳಿಗೆ ಬಾಡಿಗೆ ಇಳಿಸಿ ಎಂದರು. ಪದ್ಮಪ್ರಸಾದರು ಪೇಟೆಬೀದಿಯ ಚರಂಡಿಗೆ ಕಲ್ಲು ಮುಚ್ಚಿಸಿ ಎಂದು ಬರೆದುಕೊಂಡು ಬಂದದ್ದನ್ನು ಓದಿದರು. ಆಮೇಲೆ ಅಧ್ಯಕ್ಷ ಕುಮಾರಸ್ವಾಮಿ ಎದ್ದು ನಿಂತ. ಹಳೇಬೀಡಿನ ಹೆಸರು ಲೋಕಕ್ಕೆಲ್ಲ ಗೊತ್ತಾದ ಮೇಲೆ ಪ್ರವಾಸಿಗಳು ಹೆಚ್ಚಿದ್ದಾರೆ, ಅವರು ನಮ್ಮೂರಲ್ಲಿ ನಿಲ್ಲಬೇಕು, ಎರಡು ಕಾಸು ಖರ್ಚು ಮಾಡಬೇಕು, ಊರ ಆರ್ಥಿಕತೆ ಬೆಳೆಯಬೇಕು, ಅದಕ್ಕಾಗಿ ಊರಬಾಗಿಲಿಗೆ ಹೊಯ್ಸಳ ಶೈಲಿಯ ಕಮಾನು ಬೇಕು ಎಂದ. ದುಡ್ಡೆಲ್ಲಿಂದ ಎಂದು ಯಾರೋ ಕೇಳಿದರು. ಗುಮಾಸ್ತ ಎದ್ದು ಓದಿದ. “ಹಿಂದಿನ ಸಾಲಿನಲ್ಲಿ ಪೌರಕಾರ್ಮಿಕರ ವಿಶ್ರಾಂತಿ ಕೊಠಡಿ ಮತ್ತು ಶೌಚಾಲಯಕ್ಕೆಂದು ಕಾಯ್ದಿರಿಸಿ ಬಳಕೆಯಾಗದೆ ಉಳಿದ ಮೊತ್ತವನ್ನು ಕಮಾನಿನ ಕಾಮಗಾರಿಗೆ ವರ್ಗಾಯಿಸುವುದು.”

“ಯಾರದಾದ್ರೂ ಆಕ್ಷೇಪಣೆ ಐತಾ?” ಎಂದ ಕುಮಾರಸ್ವಾಮಿ. ಯಾರದೂ ಇರಲಿಲ್ಲ. ಮತ್ತೆ ಚಪ್ಪಾಳೆ ಬಿತ್ತು.

ಸುಮಿತ್ರಮ್ಮ ಅದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಬಳಕೆಯಾಗದೆ ಉಳಿಯಿತಂತೆ! ಬಳಸಲು ಬಿಟ್ಟವರು ಯಾರು? ಕೆಳಹೊಟ್ಟೆ ಬೆಳಗಿನಿಂದ ಬಿಗಿದು ಕಲ್ಲಾಗಿತ್ತು. ಆ ಬಿಗಿತದ ಮೇಲೆ ಈ ಮಾತು.

ಹಾಲು ಬಂತು. ಹನುಮಯ್ಯ ಬಗ್ಗಿಕೊಂಡು ಹಿಂದಿನ ಸಾಲಿಗೆ ಬಂದು ಪಿಸುಗುಟ್ಟಿದ.

“ಏಳ್ರಮ್ಮಿ. ಟೀ ಕಾಯ್ಸ್‌ಬೇಕು.”

ಆರು ಜನ ಎದ್ದರು. ಸುಮಿತ್ರಮ್ಮ ಏಳಲಿಲ್ಲ.

“ಏಯ್ ಸುಮಿತ್ರ, ಕಿವಿ ಕೇಳ್ನಿಲ್ವ?”

“ಕೇಳ್ತು. ಈಗ ಕೇಳ್ತು ಹನುಮಯ್ಯ. ನಾನ್ ಏಳಕಿಲ್ಲ.”

“ತಲೆಗಿಲೆ ಕೆಟ್ಟೈತಾ? ಪರ್ಮನೆಂಟ್ ಲಿಸ್ಟು ಈ ತಿಂಗ್ಳೇ ಹೋಯ್ತದೆ. ನಿಂದೇ ಮೊದ್ಲು ಹೆಸ್ರು.”

ಅದು ಸುಳ್ಳಲ್ಲ. ಹನ್ನೊಂದು ವರ್ಷ ಕಾದ ಪಟ್ಟಿ. ಹೆಸರು ಮೇಲೆ ಹೋದರೆ ಪೂರ್ತಿ ಸಂಬಳ, ಪೆನ್ಷನ್ನು, ನಾಳೆಯಿಂದ ಬರಬೇಡ ಎಂದು ಯಾರೂ ಅನ್ನುವಂತಿಲ್ಲ. ಹೆಸರು ಹೊಡೆದುಹಾಕಿದರೆ ಬೀದಿಯಲ್ಲಿ ಪೊರಕೆಯೂ ಇಲ್ಲ. ಸುಮಿತ್ರಮ್ಮನಿಗೆ ಭಯವಾಯಿತು. ಆದರೂ ಎದ್ದು ನಿಂತಳು, ಟೀ ಕಾಯಿಸಲಿಕ್ಕಲ್ಲ.

“ನಂದೈತೆ ಆಕ್ಷೇಪಣೆ,” ಎಂದಳು.

ತಲೆಗಳು ತಿರುಗಿದವು. ವೇದಿಕೆಯ ನಡುವೆ ಮುಖ್ಯಾಧಿಕಾರಿ ಶಿಲ್ಪಶ್ರೀ ಕೂತಿದ್ದಳು. ಬೆಂಗಳೂರಿನಿಂದ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಕೆಟ್ಟವಳೆಂದು ಯಾರೂ ಅನ್ನುತ್ತಿರಲಿಲ್ಲ.

“ನೋಡಿ ಅಮ್ಮ, ನೀವು ನಮ್ಮ ಸ್ಟಾಫ್. ಇದು ಪಬ್ಲಿಕ್ ಮೀಟಿಂಗು. ನಿಮ್ಮ ಪ್ರಾಬ್ಲಮ್ ಏನಿದ್ರೂ ಆಮೇಲೆ ಬಂದು ನನ್ ಹತ್ರ ಹೇಳಿ.”

“ಸ್ಟಾಫು ಅನ್ನಂಗಿದ್ರೆ ಆ ಬುಕ್ಕಲ್ಲಿ ಸಾರ್ವಜನಿಕರು ಅಂತ ಯಾಕ್ ರುಜು ಹಾಕುಸ್ಕಂಡ್ರಿ ಮೇಡಮ್ನೋರೆ? ಕೋಟ್ ಬಿಚ್ಚಿಸಿ ಯಾಕ್ ಕೂರ್ಸುದ್ರಿ? ಹನ್ನೊಂದ್ ವರ್ಸ ಕೂರ್ಸವ್ರೆ. ಇವತ್ತು ಮಾತಾಡ್ತೀನಿ.”

ಪದ್ಮಪ್ರಸಾದರು ಎದ್ದು ಹೋಗಿ ಗುಮಾಸ್ತನ ಮುಂದಿದ್ದ ಪುಸ್ತಕ ತಿರುಗಿಸಿ ನೋಡಿದರು. “ಹೌದು ಮೇಡಂ, ರುಜು ಇದೆ. ಸಾರ್ವಜನಿಕರು ಅಂತಲೇ ಇದೆ. ಇವರ ಹೆಸರು ಹೊಡೆದು ಹಾಕಿದ್ರೆ ಸಭೆಗೆ ಜನ ಸಾಲಲ್ಲ. ಮಾತಾಡ್ಲಿ ಬಿಡಿ,” ಎಂದರು. ಶಿಲ್ಪಶ್ರೀ ಪೆನ್ನು ಕೆಳಗಿಟ್ಟಳು.

“ಆ ದುಡ್ಡು ಉಳ್ದಿದ್ದಲ್ಲ. ನಮ್ ರೂಮಿಂದು,” ಎಂದಳು ಸುಮಿತ್ರಮ್ಮ. “ಬೆಳಿಗ್ಗೆ ಐದೂವರೆಯಿಂದ ಒಂದ್ ಗಂಟೆಗಂಟ ಈ ಊರಲ್ಲಿ ನಮಗೆ ಉಚ್ಚೆ ಹುಯ್ಯಾಕೆ ಜಾಗ ಇಲ್ಲ. ಮುಟ್ಟಾದ್ರೆ ಬಟ್ಟೆ ಬದಲಾಯ್ಸಾಕೆ ಜಾಗ ಇಲ್ಲ. ಸೀರೇಲಿ ಇಳ್ಕಂಡು ಬಂದ್ರೂ ಹಂಗೇ ಗುಡುಸ್ತೀವಿ...”

“ಏಯ್, ಏನಮ್ಮ ಇದು!” ನಂಜುಂಡಯ್ಯ ಮೇಷ್ಟರು ಕುರ್ಚಿಯಿಂದ ಜಿಗಿದರು. “ಹೆಂಗಸಾಗಿ ಸಭೆಯಲ್ಲಿ ಇಂಥಾ ಮಾತಾ? ಸ್ವಲ್ಪ ಮಾನ ಮರ್ಯಾದೆ ಬೇಡ್ವಾ?”

“ನಿಮ್ಮದನ್ನ ತೊಳ್ಯಾಕೆ ಮರ್ಯಾದೆ ಅಡ್ಡ ಬರ್ನಿಲ್ಲ ಮೇಷ್ಟ್ರೆ. ನಮ್ಮದನ್ನ ಹೇಳಾಕೆ ಅಡ್ಡ ಬತ್ತದಾ? ಸೋಮಾರಿಗಳು ಅಂದ್ರಲ್ಲ. ಬನ್ನಿ, ನಾಳೆ ಒಂದಿನ ನನ್ನ ಜತೆಗೆ ಸಂತೆಮಾಳ ಗುಡ್ಸಿ. ನೀರ್ ಕುಡೀದಂಗೆ ಗುಡ್ಸಿ. ಇಕಾ, ಈ ಹುಡುಗಿ ಸೌಂದರ್ಯ, ನೀರ್ ಕುಡೀದೆ ಕುಡೀದೆ ಉಚ್ಚೇಲಿ ಕೀವು ತರುಸ್ಕಂಡವ್ಳೆ. ಇವಳ ಜೀವ ಯಾವ್ ಬಜೆಟ್ಟಲ್ಲಿ ಬರ್ಕತೀರಿ?”

ಸೌಂದರ್ಯ ಬಾಗಿಲ ಬಳಿ ನಾಚಿಕೆಯಿಂದ ಮುಖ ಗೋಡೆಗೆ ತಿರುಗಿಸಿಕೊಂಡಳು.

“ಅಂದ್ರೆ...” ಪದ್ಮಪ್ರಸಾದರು ಇನ್ನೂ ಪುಸ್ತಕದ ಹತ್ತಿರವೇ ನಿಂತಿದ್ದರು. “ನಾನು ಅಷ್ಟು ಸಲ ಕರೆದ್ರೂ ನೀವು ನೀರು ಬೇಡ ಅಂತಿದ್ದದ್ದು ಇದಕ್ಕೇನಾ?”

“ಇದ್ಕೇ ಸೌಕಾರ್ರೆ. ನಿಮ್ ನೀರು ಕುಡುದ್ರೆ ಒಂದ್ ಗಂಟೆ ಆದ್ಮ್ಯಾಲೆ ಎಲ್ಲಿಗ್ ಹೋಗನ?”

ಅವರು ಬಂದು ತಮ್ಮ ಕುರ್ಚಿಯಲ್ಲಿ ಕೂತು ನೆಲ ನೋಡಿದರು. ಒಳ್ಳೆಯ ಮನುಷ್ಯ. ಪ್ರತಿದಿನ ನೀರು ಸೋಸಿ ಇಟ್ಟು ಪುಣ್ಯ ಕಟ್ಟಿಕೊಂಡೆ ಎಂದುಕೊಂಡಿದ್ದವರಿಗೆ ಆ ಹೊತ್ತು ಹೇಗಾಗಿರಬೇಡ! ಆದರೆ ಕಮಾನು ಬೇಡ, ರೂಮು ಕಟ್ಟಿಸಿ ಎಂಬ ಒಂದು ಮಾತು ಅವರ ಬಾಯಿಂದಲೂ ಬರಲಿಲ್ಲ. ಅದನ್ನೂ ಹೇಳಬೇಕು.

ಕುಮಾರಸ್ವಾಮಿ ಗಂಟಲು ಸರಿಮಾಡಿಕೊಂಡ. “ಸರಿ, ಸರಿ. ಬರ್ಕೊಳ್ಳಯ್ಯ. ಸಾರ್ವಜನಿಕರ ಸಲಹೆಯನ್ನು ಪರಿಶೀಲಿಸಲಾಗುವುದು.”

“ಪರಿಶೀಲಿಸೋದು ಅಂದ್ರೆ ಯಾವಾಗ?”

“ಮುಂದಿನ ವರ್ಷ ನೋಡಾಣ ಕಣಮ್ಮ. ಕಮಾನಿಗೆ ಆಗ್ಲೇ ಕಲ್ಲು ಬಂದು ಬಿದ್ದೈತೆ. ನಿನ್ ಮಾತು ಬುಕ್ಕಲ್ಲಿ ಬಂತಲ್ಲ, ಇನ್ನೇನ್ ಬೇಕು? ಲಿಸ್ಟಲ್ಲಿ ನಿನ್ ಹೆಸರೈತೆ, ನೆಪ್ಪಲ್ಲಿ ಇಟ್ಕೊ. ಹೋಗು, ಹೋಗಿ ಟೀ ಕೊಡು.”

ಕೆಲವರು ನಕ್ಕರು. ನಗಬಾರದ ಕಡೆ ನಗುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಹಗುರಾದೆವೆಂಬಂತೆ ಸಭೆ ಮತ್ತೆ ಮಾತಿಗೆ ತೊಡಗಿತು. ಕಮಾನಿನ ಮೇಲೆ ಸಿಂಹದ ಮುಖ ಯಾವ ಕಡೆಗಿರಬೇಕೆಂಬ ಚರ್ಚೆ. ಒಬ್ಬರು ಪೂರ್ವ ಎಂದರು, ಇನ್ನೊಬ್ಬರು ರಸ್ತೆ ಕಡೆಗೆ ಎಂದರು.

ಸುಮಿತ್ರಮ್ಮ ನಿಂತೇ ಇದ್ದಳು. ಹೇಳಬೇಕಾದ್ದೆಲ್ಲ ಹೇಳಿಯಾಗಿತ್ತು. ಕೇಳಬೇಕಾದವರೂ ಕೇಳಿಯಾಗಿತ್ತು. ಅಷ್ಟಾದ ಮೇಲೂ ಏನೂ ಆಗಿರಲಿಲ್ಲ. ಹನುಮಯ್ಯ ಟೀ ಲೋಟದ ತಟ್ಟೆಯನ್ನು ತಂದು ಅವಳ ಮುಂದೆ ಚಾಚಿದ. ಕಿಬ್ಬೊಟ್ಟೆಯಲ್ಲಿ ಚಳುಕು ಹೊಡೆದು ತೊಡೆಗಿಳಿಯಿತು. ಬೆಳಗಿನಿಂದ ತಡೆದದ್ದು ಇನ್ನು ತಡೆಯುವಂತಿರಲಿಲ್ಲ. ಆಟೊದ ಮರೆಗೆ ಓಡಬಹುದಿತ್ತು. ಗ್ಯಾರೇಜಿನ ಹುಡುಗರು ಇರುತ್ತಾರೆ.

ಅವಳು ತಟ್ಟೆ ಮುಟ್ಟಲಿಲ್ಲ. ಕುರ್ಚಿಗಳ ನಡುವಿನ ದಾರಿಯಲ್ಲಿ ಮುಂದಕ್ಕೆ ನಡೆದಳು. ಕಾಲು ಬಿಗಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟಳು. ವೇದಿಕೆಗೆ ಬರುತ್ತಾಳೆಂದು ತಿಳಿದು ಕುಮಾರಸ್ವಾಮಿ ಕುರ್ಚಿ ಹಿಂದಕ್ಕೆ ಸರಿಸಿದ. ಅವಳು ಅವನತ್ತ ತಿರುಗಿಯೂ ನೋಡಲಿಲ್ಲ. ವೇದಿಕೆಯ ಪಕ್ಕದಲ್ಲೇ ಮುಖ್ಯಾಧಿಕಾರಿಯ ಕೋಣೆ. ಬಾಗಿಲು ತಳ್ಳಿದಳು.

“ಅಮ್ಮಾ, ಅಲ್ಲಿ ಎಲ್ಲಿಗೆ?” ಎಂದಳು ಶಿಲ್ಪಶ್ರೀ.

“ಅರ್ಜಂಟೈತೆ ಮೇಡಂ. ಮುಂದಿನ ವರ್ಸಗಂಟ ತಡೆಯಾಕಾಗಕಿಲ್ಲ.”

ಕೋಣೆಯ ಮೂಲೆಯಲ್ಲಿ ಬಿಳಿ ಟೈಲ್ಸಿನ ಕಕ್ಕಸು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಚಿಲಕದ ಸದ್ದು ಇಡೀ ಸಭೆಗೆ ಕೇಳಿತು. ಸಿಂಹದ ಮಾತು ಅಲ್ಲಿಗೇ ನಿಂತಿತು.

ದಿನಾ ಮಂಡಿಯೂರಿ ಬ್ರಷ್ಷು ಹಾಕಿ ತಿಕ್ಕುವ ಜಾಗ. ಕೂತಿದ್ದು ಇದೇ ಮೊದಲು. ಮೊದಲಿಗೆ ಬರಲೇ ಇಲ್ಲ. ಅಷ್ಟು ಹೊತ್ತು ಕಟ್ಟಿದ ಮೈಗೆ ಬಿಡುವುದು ಹೇಗೆಂದೇ ಮರೆತಿತ್ತು. ಆಮೇಲೆ ಉರಿಯುತ್ತ, ಹನಿಹನಿಯಾಗಿ, ನಿಂತು ನಿಂತು ಬಂತು. ಸುಮಿತ್ರಮ್ಮನಿಗೆ ಅಳು ಬಂತು. ನೋವಿಗೆ ಬಂತೋ ಸಿಟ್ಟಿಗೆ ಬಂತೋ ಅವಳಿಗೂ ಗೊತ್ತಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹನುಮಯ್ಯ ಬಾಗಿಲು ತಟ್ಟಿದ. “ಅತ್ತಿಗೆ, ಆಚೆ ಬಾ. ನಿನ್ ಕಾಲಿಗ್ ಬೀಳ್ತೀನಿ. ನನ್ ಕೆಲ್ಸಾನೂ ಕಳೀತೀಯ.”

“ತಡ್ಕಾ ಹನುಮಯ್ಯ. ಇನ್ನೂ ಆಗಿಲ್ಲ.”

ಮುಗಿಸಿ ನೀರು ಹೊಯ್ದು ಕೈಕಾಲು ತೊಳೆದು ಬಾಗಿಲು ತೆಗೆದಳು. ಹನುಮಯ್ಯನ ಪಕ್ಕದಲ್ಲಿ ಸೌಂದರ್ಯ ನಿಂತಿದ್ದಳು. ಕೈಯಲ್ಲಿ ಟೀ ತಟ್ಟೆ ಇರಲಿಲ್ಲ. ಅವಳ ಹಿಂದೆ ಇನ್ನಿಬ್ಬರು, ತಲೆ ತಗ್ಗಿಸಿಕೊಂಡು, ಒಬ್ಬರಿಗೊಬ್ಬರು ಆತುಕೊಂಡು. ಉಳಿದ ಮೂವರು ಬಂದಿರಲಿಲ್ಲ. ಅವರು ಸಭೆಯಲ್ಲಿ ಟೀ ಕೊಡುತ್ತಿದ್ದರು. ಯಾರ ಕಡೆಗೂ ನೋಡದೆ ಲೋಟ ಇಡುತ್ತ ಹೋಗುತ್ತಿದ್ದರು. ಅವರ ಮನೆಯಲ್ಲೂ ಒಲೆ ಉರಿಯಬೇಕಲ್ಲ.

“ನಾನೂ ಹೋಗ್ತೀನಿ ಅಕ್ಕ,” ಎಂದಳು ಸೌಂದರ್ಯ. ಧ್ವನಿ ಹೊರಡಲೇ ಇಲ್ಲ. ತುಟಿ ಅಲುಗಿದ್ದಷ್ಟೇ ಕಂಡಿತು.

“ಹೋಗು. ಚಿಲಕ ಸ್ವಲ್ಪ ಬಿಗಿ ಐತೆ. ಮೇಲಕ್ಕೆತ್ತಿ ಎಳಿ.”

ಹೊರಗಿನಿಂದ ಕುಮಾರಸ್ವಾಮಿ ಕೂಗಿದ. “ಹನುಮಯ್ಯಾ! ಯಾರ್ಯಾರು ಒಳಗೆ ಹೋದ್ರು, ಹೆಸರು ಬರ್ಕೊಂಡ್ ಬಾ. ಲಿಸ್ಟು ಇವತ್ತೇ ನೋಡ್ತೀನಿ ನಾನು!”

ಹನುಮಯ್ಯ ಜೇಬಿನಿಂದ ಚೀಟಿ ತೆಗೆದ. ಪೆನ್ನು ಹಿಡಿದ ಕೈ ಕಾಗದದ ಮೇಲೆ ಇಳಿಯಲಿಲ್ಲ. ಬಾಗಿಲಲ್ಲಿ ಶಿಲ್ಪಶ್ರೀ ಬಂದು ನಿಂತಿದ್ದಳು.

“ಬರ್ಕೋ ಹನುಮಯ್ಯ,” ಎಂದಳು ಸುಮಿತ್ರಮ್ಮ. “ಮೊದ್ಲು ನನ್ ಹೆಸ್ರು ಬರಿ. ಉಳ್ದೋರ್ದನ್ನ ಅವರವರನ್ನ ಕೇಳ್ಕಂಡು ಬರಿ.”

ಒಳಗೆ ಸೌಂದರ್ಯ ಚಿಲಕ ಹಾಕಿಕೊಂಡಳು. ಸುಮಿತ್ರಮ್ಮ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈ ಚೌಕಟ್ಟಿಗೆ ಹಿಡಿದು ನಿಂತಳು.

“ಒಳಗಿರೋಳು ಆಚೆಗ್ ಬರಾಗಂಟ ಯಾರೂ ಬಾಗಿಲು ತಟ್ಟಬ್ಯಾಡಿ.”